ಬೈಕ್‌ಗೆ ಯಾವ ಎಂಜಿನ್ ಆಯಿಲ್? ಡಬ್ಬದ ಹಿಂಭಾಗ ಓದುವುದು ಹೇಗೆ

"ಯಾವ ಕಂಪನಿ ಆಯಿಲ್ ಒಳ್ಳೇದು?" ಎಂಜಿನ್ ಆಯಿಲ್ ಮಾತು ಬಂದರೆ ಎಲ್ಲರೂ ಮೊದಲು ಕೇಳುವುದು ಇದನ್ನೇ. ಈ ಪ್ರಶ್ನೆಯನ್ನು ಕೊನೆಗೆ ಇಟ್ಟುಕೊಳ್ಳಿ. ಡಬ್ಬದ ಮೇಲಿನ ಎರಡು ಮೂರು ಸಂಕೇತಗಳು ನಿಮ್ಮ ಗಾಡಿಗೆ ಹೊಂದಬೇಕು, ಅದು ಮೊದಲು. ಹೊಂದದಿದ್ದರೆ ಎಷ್ಟು ದುಬಾರಿ ಆಯಿಲ್ ಹಾಕಿದರೂ ದುಡ್ಡು ದಂಡ.

ಯಾವ ಸಂಕೇತ ಬೇಕು ಅನ್ನೋದು ಗಾಡಿ ಜೊತೆ ಬಂದ ಮ್ಯಾನ್ಯುಯಲ್‌ನಲ್ಲೇ ಇರುತ್ತದೆ. ಪುಸ್ತಕ ಕಳೆದುಹೋಗಿದ್ದರೆ ಬೈಕ್ ಕಂಪನಿಯ ವೆಬ್‌ಸೈಟ್‌ನಲ್ಲಿ ಹುಡುಕಿ, ಬಹಳಷ್ಟು ಕಂಪನಿಗಳು ಅಲ್ಲಿ ಹಾಕಿರುತ್ತವೆ. ಕೆಲವು ಗಾಡಿಗಳಲ್ಲಿ ಆಯಿಲ್ ಹಾಕುವ ಮುಚ್ಚಳದ ಮೇಲೋ ಅದರ ಪಕ್ಕದಲ್ಲೋ ಗ್ರೇಡ್ ಅಚ್ಚು ಹಾಕಿರುತ್ತಾರೆ. ಹುಡುಕಬೇಕಾದ ಸಾಲು ಹೆಚ್ಚುಕಡಿಮೆ ಹೀಗಿರುತ್ತದೆ: ಎಸ್‌ಎಇ 10ಡಬ್ಲ್ಯೂ-30, ಎಪಿಐ ಎಸ್‌ಎಲ್ ಅಥವಾ ಅದಕ್ಕಿಂತ ಮೇಲಿನದು, ಜಾಸೊ ಎಂಎ. ಎಸ್‌ಎಇ ಆಯಿಲ್‌ನ ದಪ್ಪ ಹೇಳುತ್ತದೆ, ಎಪಿಐ ಗುಣಮಟ್ಟದ ದರ್ಜೆ, ಜಾಸೊ ಬೈಕ್‌ನ ಕ್ಲಚ್‌ಗೆ ಹೊಂದುತ್ತದೋ ಇಲ್ಲವೋ ಅಂತ.

ಈ ಮೂರರಲ್ಲಿ ನನ್ನ ಪ್ರಕಾರ ಎಲ್ಲಕ್ಕಿಂತ ಮುಖ್ಯವಾದದ್ದು ಕೊನೆಯ ಜಾಸೊ. ಜನ ಎಲ್ಲಕ್ಕಿಂತ ಕಡಿಮೆ ನೋಡುವುದೂ ಅದನ್ನೇ. ಯಾಕೆ ಮುಖ್ಯ ಅಂದರೆ, ಕಾರಿನಲ್ಲಿ ಎಂಜಿನ್ ಆಯಿಲ್ ಎಂಜಿನ್‌ಗೆ ಮಾತ್ರ, ಗೇರ್‌ಬಾಕ್ಸ್‌ಗೆ ಬೇರೆ ಆಯಿಲ್ ಇರುತ್ತದೆ, ಆದರೆ ಹೆಚ್ಚಿನ ಬೈಕ್‌ಗಳಲ್ಲಿ ಒಂದೇ ಆಯಿಲ್ ಎಂಜಿನ್ನನ್ನೂ ನೋಡಿಕೊಳ್ಳಬೇಕು, ಗೇರ್‌ಗಳನ್ನೂ ನೋಡಿಕೊಳ್ಳಬೇಕು, ಸಾಲದ್ದಕ್ಕೆ ಕ್ಲಚ್ ಪ್ಲೇಟ್‌ಗಳೂ ಅದೇ ಆಯಿಲ್‌ನಲ್ಲಿ ನೆನೆದಿರುತ್ತವೆ. ಪಿಸ್ಟನ್ ಜಾರಬೇಕು, ಕ್ಲಚ್ ಪ್ಲೇಟ್ ಮಾತ್ರ ಜಾರಬಾರದು. ಒಂದೇ ಆಯಿಲ್ ಎರಡನ್ನೂ ಮಾಡಬೇಕು, ಕಷ್ಟದ ಕೆಲಸ ಅಲ್ವಾ?

ಈಗಿನ ಕಾರ್ ಆಯಿಲ್‌ಗಳಲ್ಲಿ, ಅದರಲ್ಲೂ 0ಡಬ್ಲ್ಯೂ-20, 5ಡಬ್ಲ್ಯೂ-30 ಥರದ ತೆಳು ಆಯಿಲ್‌ಗಳಲ್ಲಿ, ಮೈಲೇಜ್ ಹೆಚ್ಚಿಸಲು ಘರ್ಷಣೆ ಕಡಿಮೆ ಮಾಡುವ ರಾಸಾಯನಿಕ ಸೇರಿಸಿರುತ್ತಾರೆ. ಅಂಥ ಆಯಿಲ್ ಬೈಕ್‌ಗೆ ಹಾಕಿದರೆ ಕ್ಲಚ್ ಜಾರಲು ಶುರುವಾಗಬಹುದು. ಆಕ್ಸಲರೇಟರ್ ತಿರುಗಿಸಿದರೆ ಎಂಜಿನ್ ಸದ್ದು ಏರುತ್ತದೆ, ಆರ್‌ಪಿಎಂ ಏರುತ್ತದೆ, ವೇಗ ಮಾತ್ರ ಏರುವುದಿಲ್ಲ. ಏರು ರಸ್ತೆಯಲ್ಲಿ, ಹಿಂದೆ ಒಬ್ಬರು ಕೂತಾಗ, ಟಾಪ್ ಗೇರ್‌ನಲ್ಲಿ ಇದು ಬೇಗ ಗೊತ್ತಾಗುತ್ತದೆ. ಹಾಗೇ ಓಡಿಸುತ್ತಾ ಹೋದರೆ ಪ್ಲೇಟ್ ಸುಡುತ್ತದೆ.

ಇದಕ್ಕಾಗಿಯೇ ಜಪಾನಿನವರು 1998ರಲ್ಲಿ ನಾಲ್ಕು ಸ್ಟ್ರೋಕ್ ಬೈಕ್ ಆಯಿಲ್‌ಗೆಂದೇ ಬೇರೆ ಮಾನದಂಡ ಮಾಡಿದರು. ಅದೇ ಜಾಸೊ. ಎಂಎ ಅಂದರೆ ಆಯಿಲ್‌ನಲ್ಲಿ ನೆನೆಯುವ ಕ್ಲಚ್‌ಗೆ ಸರಿಹೊಂದುವ ಆಯಿಲ್. ಅದರೊಳಗೇ ಎಂಎ1, ಎಂಎ2 ಅಂತ ಎರಡು ಭಾಗ, ಎಂಎ2ನಲ್ಲಿ ಕ್ಲಚ್ ಹಿಡಿತ ಜಾಸ್ತಿ. ಎಂಬಿ ಅಂದರೆ ಜಾರಿಕೆ ಹೆಚ್ಚಿರುವ ಆಯಿಲ್. ಇದು ಗೇರ್ ಇಲ್ಲದ ಸ್ಕೂಟರ್‌ಗೆ ಸರಿ, ಯಾಕೆಂದರೆ ಅವುಗಳ ಬೆಲ್ಟ್ ಮತ್ತು ಕ್ಲಚ್ ಒಣ ಜಾಗದಲ್ಲಿರುತ್ತವೆ, ಎಂಜಿನ್ ಆಯಿಲ್ ಅಲ್ಲಿಗೆ ಹೋಗುವುದೇ ಇಲ್ಲ. ಹಾಗಾಗಿ "ಸ್ಕೂಟರ್ ಆಯಿಲ್" ಅಂತ ಬರೆದ ಡಬ್ಬ ಮನೆಯಲ್ಲಿ ಉಳಿದಿದೆ ಅಂತ ಗೇರ್ ಬೈಕ್‌ಗೆ ಸುರಿಯಬೇಡಿ, ಮೊದಲು ಅದು ಎಂಎನೋ ಎಂಬಿನೋ ನೋಡಿ. ಇದೇ ಕಾರಣಕ್ಕೆ ಘರ್ಷಣೆ ಕಡಿಮೆ ಮಾಡುತ್ತೇವೆ ಅಂತ ಮಾರುವ ಸಣ್ಣ ಬಾಟಲಿ ಅಡಿಟಿವ್‌ಗಳನ್ನೂ ಬೈಕ್‌ಗೆ ಹಾಕಬೇಡಿ. ಒಳ್ಳೆಯ ಆಯಿಲ್‌ನಲ್ಲಿ ಬೇಕಾದದ್ದೆಲ್ಲ ಆಗಲೇ ಸೇರಿರುತ್ತದೆ.

ಇನ್ನು 10ಡಬ್ಲ್ಯೂ-30, 20ಡಬ್ಲ್ಯೂ-40, 20ಡಬ್ಲ್ಯೂ-50 ಈ ಅಂಕಿಗಳು. ಡಬ್ಲ್ಯೂ ಅಂದರೆ ಚಳಿಗಾಲ. ಮೊದಲ ಅಂಕಿ ಆಯಿಲ್ ತಣ್ಣಗಿರುವಾಗ ಎಷ್ಟು ಸುಲಭವಾಗಿ ಹರಿಯುತ್ತದೆ ಅಂತ ಹೇಳುತ್ತದೆ, ಚಿಕ್ಕದಾದಷ್ಟೂ ಸುಲಭ. ಎರಡನೆಯದು 100 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ ಅದು ಎಷ್ಟು ದಪ್ಪ ಉಳಿಯುತ್ತದೆ ಅಂತ. ಹಿಮ ಬೀಳದ ಜಾಗದಲ್ಲಿ ಮೊದಲ ಅಂಕಿ ಯಾಕೆ ಬೇಕು ಅಂತ ಕೆಲವರು ಕೇಳುತ್ತಾರೆ. ಬೇಕು. ಬೆಳಿಗ್ಗೆ ಸ್ಟಾರ್ಟ್ ಮಾಡಿದ ಕ್ಷಣದಲ್ಲಿ ಆಯಿಲ್ ಕೆಳಗೆ ಇಳಿದು ಕೂತಿರುತ್ತದೆ, ಅದು ಮೇಲೆ ವಾಲ್ವ್ ತೆರೆಯುವ ಕ್ಯಾಮ್ ತನಕ ಏರುವವರೆಗೆ ಲೋಹಕ್ಕೆ ಲೋಹ ಉಜ್ಜುವ ಸಂಭವ ಜಾಸ್ತಿ. ಬೇಗ ಏರಿದಷ್ಟೂ ಒಳ್ಳೇದು.

"ದಪ್ಪ ಆಯಿಲ್ ಹಾಕಿದರೆ ಎಂಜಿನ್ ಗಟ್ಟಿ" ಅನ್ನುವ ಮಾತನ್ನು ದಯವಿಟ್ಟು ನಂಬಬೇಡಿ. 10ಡಬ್ಲ್ಯೂ-30 ಅಂತ ಬರೆದ ಎಂಜಿನ್‌ನ ಒಳಗಿನ ಸಂದುಗಳು, ಆಯಿಲ್ ಹೋಗುವ ದಾರಿಗಳು ಆ ದಪ್ಪಕ್ಕೇ ಅಳೆದು ಮಾಡಿದವು. ಅದಕ್ಕೆ 20ಡಬ್ಲ್ಯೂ-50 ಹಾಕಿದರೆ ಸದ್ದು ಸ್ವಲ್ಪ ಮೆತ್ತಗಾಗಬಹುದು, ಆದರೆ ಪಿಕಪ್ ಮಂಕಾಗುತ್ತದೆ, ಮೈಲೇಜ್ ಇಳಿಯುತ್ತದೆ, ತಣ್ಣಗಿರುವಾಗ ಆಯಿಲ್ ತಡವಾಗಿ ಏರುತ್ತದೆ. ಹಾಗೆಯೇ 20ಡಬ್ಲ್ಯೂ-50 ಕೇಳುವ ಹಳೆಯ ಏರ್-ಕೂಲ್ಡ್ (ಗಾಳಿಯಿಂದಲೇ ತಣ್ಣಗಾಗುವ) ಎಂಜಿನ್‌ಗೆ ತೆಳು ಆಯಿಲ್ ಹಾಕುವುದೂ ತಪ್ಪು. ಮ್ಯಾನ್ಯುಯಲ್‌ನಲ್ಲಿ ಹವೆಗೆ ತಕ್ಕಂತೆ ಎರಡು ಮೂರು ಗ್ರೇಡ್ ಕೊಟ್ಟಿದ್ದರೆ ಅವುಗಳಲ್ಲಿ ನಿಮ್ಮ ಊರಿನ ಸೆಖೆ ಚಳಿ ನೋಡಿ ಆರಿಸಿಕೊಳ್ಳಿ. ಎಂಜಿನ್ ಆಯಿಲ್ ಕುಡಿಯುತ್ತಿದೆ, ಹೊಗೆ ನೀಲಿಯಾಗಿದೆ ಅಂತ ದಪ್ಪ ಆಯಿಲ್ ಹಾಕಿದರೆ ಕಾಯಿಲೆ ಸ್ವಲ್ಪ ದಿನ ಮುಚ್ಚಿಕೊಳ್ಳುತ್ತದೆ ಅಷ್ಟೆ. ಪಿಸ್ಟನ್ ರಿಂಗ್, ವಾಲ್ವ್ ಸೀಲ್ ಸವೆದಿವೆಯೇ ಅಂತ ಮೆಕ್ಯಾನಿಕ್‌ಗೆ ತೋರಿಸಿ.

ಎಪಿಐ ಸುಲಭ. ಎಸ್ ಇಂದ ಶುರುವಾದರೆ ಪೆಟ್ರೋಲ್ ಎಂಜಿನ್‌ಗೆ, ಸಿ ಇಂದ ಶುರುವಾದರೆ ಡೀಸೆಲ್‌ಗೆ. ಎರಡನೇ ಅಕ್ಷರ ಮುಂದೆ ಹೋದಷ್ಟೂ ಹೊಸ ದರ್ಜೆ: ಎಸ್‌ಜೆ, ಎಸ್‌ಎಲ್, ಎಸ್‌ಎಂ, ಎಸ್‌ಎನ್, ಆಮೇಲೆ 2020ರಲ್ಲಿ ಬಂದ ಎಸ್‌ಪಿ. ಎಸ್‌ಎಲ್ ಕೇಳಿದರೆ ಎಸ್‌ಎನ್ ಹಾಕಬಹುದು, ಆದರೆ ಜಾಸೊ ಎಂಎ ಕೂಡ ಇರಲೇಬೇಕು. ಎಪಿಐನ ದುಂಡನೆಯ ಮುದ್ರೆಯ ಕೆಳಭಾಗದಲ್ಲಿ "ರಿಸೋರ್ಸ್ ಕನ್ಸರ್ವಿಂಗ್" (ಇಂಧನ ಉಳಿಸುವ ಆಯಿಲ್) ಅಂತ ಕಂಡರೆ ಆ ಡಬ್ಬವನ್ನು ವಾಪಸ್ ಇಡಿ, ಅದು ಕಾರಿನದು.

ಮಿನರಲ್ (ಕಚ್ಚಾ ತೈಲ ಶುದ್ಧೀಕರಿಸಿ ಮಾಡಿದ್ದು), ಫುಲ್ ಸಿಂಥೆಟಿಕ್ (ರಾಸಾಯನಿಕವಾಗಿ ತಯಾರಿಸಿದ್ದು), ಸೆಮಿ ಸಿಂಥೆಟಿಕ್ (ಎರಡರ ಮಿಶ್ರಣ), ಇಲ್ಲಿ ಜಗಳ ಜಾಸ್ತಿ. ಸಿಂಥೆಟಿಕ್ ಬಿಸಿಯನ್ನು ಚೆನ್ನಾಗಿ ತಡೆಯುತ್ತದೆ, ಚಳಿಯಲ್ಲಿ ಚೆನ್ನಾಗಿ ಹರಿಯುತ್ತದೆ, ನಿಧಾನವಾಗಿ ಹಾಳಾಗುತ್ತದೆ. ಹೆಚ್ಚು ಆರ್‌ಪಿಎಂನಲ್ಲಿ ಓಡುವ ಎಂಜಿನ್, ದೂರದ ಪ್ರಯಾಣ, ಗಂಟೆಗಟ್ಟಲೆ ಟ್ರಾಫಿಕ್ ಇದ್ದರೆ ಅದರ ಬೆಲೆ ಸಾರ್ಥಕ. ದಿನಾ ನಿಧಾನಕ್ಕೆ ಓಡುವ 100 ಸಿಸಿ ಗಾಡಿಗೆ, ಮ್ಯಾನ್ಯುಯಲ್ ಕೇಳದಿದ್ದರೆ, ಸಮಯಕ್ಕೆ ಸರಿಯಾಗಿ ಬದಲಾಯಿಸುವ ಮಿನರಲ್ ಆಯಿಲ್ ಸಾಕು. ಒಮ್ಮೆ ಸಿಂಥೆಟಿಕ್ ಹಾಕಿದರೆ ಮತ್ತೆ ಮಿನರಲ್‌ಗೆ ಬರುವ ಹಾಗಿಲ್ಲ ಅನ್ನುವುದು ಸುಳ್ಳು. ಸಿಂಥೆಟಿಕ್‌ನಿಂದಲೇ ಕ್ಲಚ್ ಜಾರುತ್ತದೆ ಅನ್ನುವುದೂ ಅಷ್ಟೆ, ಎಂಎ ಇದ್ದರೆ ಜಾರುವುದಿಲ್ಲ. ಆದರೆ ಸಿಂಥೆಟಿಕ್ ಹಾಕಿದ್ದೇನೆ ಅಂತ ಬದಲಾಯಿಸುವ ಕಿಲೋಮೀಟರ್ ಲೆಕ್ಕವನ್ನು ಸುಮ್ನೆ ಎರಡು ಪಟ್ಟು ಮಾಡಬೇಡಿ. ಬೈಕ್‌ನಲ್ಲಿ ಗೇರ್ ಹಲ್ಲುಗಳು ಆಯಿಲ್‌ನ ದಪ್ಪ ಕಾಯುವ ಪಾಲಿಮರ್‌ಗಳನ್ನು ಅರೆಯುತ್ತಲೇ ಇರುತ್ತವೆ, ಯಾವ ಆಯಿಲ್ ಆದರೂ ತೆಳುವಾಗುತ್ತಾ ಹೋಗುತ್ತದೆ. ಮೊದಲು ಮೆತ್ತಗೆ ಬೀಳುತ್ತಿದ್ದ ಗೇರ್ ಈಗ ಒರಟಾಗಿ ಬೀಳುತ್ತಿದೆ, ನ್ಯೂಟ್ರಲ್ ಸಿಗುತ್ತಿಲ್ಲ ಅನ್ನಿಸಿದರೆ ಕೊನೆಯ ಸಲ ಆಯಿಲ್ ಯಾವಾಗ ಹಾಕಿದ್ದು ಅಂತ ನೋಡಿಕೊಳ್ಳಿ.

ಬಣ್ಣ ಕಪ್ಪಾಯಿತು ಅಂತ ಗಾಬರಿ ಬೇಡ, ಆಯಿಲ್ ಒಳಗಿನ ಮಸಿಯನ್ನು ಹೊತ್ತು ತರುತ್ತಿದೆ ಅಂತ ಅರ್ಥ. ಹಾಲು ಬೆರೆತಂತೆ ಬಿಳಿಚಿಕೊಂಡಿದ್ದರೆ ನೀರು ಅಥವಾ ಕೂಲಂಟ್ (ಎಂಜಿನ್ ತಣ್ಣಗಿಡುವ ದ್ರವ) ಸೇರಿರಬಹುದು, ಆಗ ಗಾಡಿ ಓಡಿಸದೆ ಮೆಕ್ಯಾನಿಕ್ ಹತ್ತಿರ ತೋರಿಸಿ.

ಎಷ್ಟು ಹಾಕಬೇಕು? ಮ್ಯಾನ್ಯುಯಲ್‌ನಲ್ಲಿ ಒಂದಕ್ಕಿಂತ ಜಾಸ್ತಿ ಅಳತೆ ಇರಬಹುದು: ಬರೀ ಆಯಿಲ್ ಬದಲಾಯಿಸಿದಾಗ, ಫಿಲ್ಟರ್ ಜೊತೆ ಬದಲಾಯಿಸಿದಾಗ, ಎಂಜಿನ್ ಪೂರ್ತಿ ಬಿಚ್ಚಿ ಜೋಡಿಸಿದಾಗ. ಡಬ್ಬ ಒಂದು ಲೀಟರ್ ಇದೆ ಅಂತ ಪೂರ್ತಿ ಸುರಿಯಬೇಡಿ. ಜಾಸ್ತಿಯಾದರೆ ನೊರೆ ಏಳುತ್ತದೆ, ಒತ್ತಡ ಹೆಚ್ಚಿ ಸೀಲ್‌ನಿಂದ ಸೋರಬಹುದು, ಏರ್ ಫಿಲ್ಟರ್ ಬಾಕ್ಸ್‌ಗೂ ಹೋಗಬಹುದು. ಮಟ್ಟ ನೋಡುವಾಗ ಸೈಡ್ ಸ್ಟ್ಯಾಂಡ್ ಮೇಲೆ ನೋಡಬೇಡಿ, ಸಮತಟ್ಟಾದ ಜಾಗದಲ್ಲಿ ಗಾಡಿ ನೇರ ನಿಂತಿರಲಿ, ಸ್ವಲ್ಪ ಓಡಿಸಿ ಆಫ್ ಮಾಡಿ ಎರಡು ಮೂರು ನಿಮಿಷ ಬಿಟ್ಟು ನೋಡಿ. ಡಿಪ್‌ಸ್ಟಿಕ್ (ಆಯಿಲ್ ಮಟ್ಟ ನೋಡುವ ಕಡ್ಡಿ) ಇದ್ದರೆ ಅದನ್ನು ತಿರುಗಿಸಿ ಬಿಗಿ ಮಾಡಿ ನೋಡಬೇಕೋ, ಸುಮ್ನೆ ಇಟ್ಟು ನೋಡಬೇಕೋ ಅನ್ನೋದು ಗಾಡಿಯಿಂದ ಗಾಡಿಗೆ ಬೇರೆ, ಅದನ್ನೂ ಓದಿಕೊಳ್ಳಿ.

ಈಗ ಕಂಪನಿಯ ಪ್ರಶ್ನೆಗೆ ಬರಬಹುದು. ಸಂಕೇತ ಹೊಂದಿದ ಮೇಲೆ ಹೆಸರಿರುವ ಯಾವ ಕಂಪನಿಯದಾದರೂ ನಡೆಯುತ್ತದೆ, ಆದರೆ ಅಸಲಿ ಆಗಿರಬೇಕು. ಮುಚ್ಚಳದ ಸೀಲ್ ಒಡೆದಿಲ್ಲ ತಾನೆ, ಬ್ಯಾಚ್ ನಂಬರ್ ಮತ್ತು ತಯಾರಾದ ತಾರೀಖು ಸ್ಪಷ್ಟವಾಗಿದೆ ತಾನೆ ನೋಡಿ, ಬಿಲ್ ತಗೊಳ್ಳಿ, ನಿಮ್ಮ ಕಣ್ಣೆದುರೇ ಡಬ್ಬ ಒಡೆಸಿ. ಖಾಲಿ ಡಬ್ಬವನ್ನು ಹಾಗೇ ಬಿಟ್ಟು ಬಂದರೆ ಅದರಲ್ಲೇ ನಕಲಿ ಆಯಿಲ್ ತುಂಬಿ ಮಾರುವವರಿದ್ದಾರೆ, ಅದಕ್ಕೆ ಸ್ಕ್ರೂಡ್ರೈವರ್‌ನಿಂದ ತೂತು ಮಾಡಿ ಬನ್ನಿ. ಮನೆಯಲ್ಲೇ ಬದಲಾಯಿಸುವವರು ಹಳೆಯ ಆಯಿಲ್ ಅನ್ನು ಮಣ್ಣಿಗೆ, ಚರಂಡಿಗೆ ಚೆಲ್ಲದೆ ಒಂದು ಕ್ಯಾನ್‌ನಲ್ಲಿ ತುಂಬಿ, ಹಳೆ ಆಯಿಲ್ ತೆಗೆದುಕೊಳ್ಳುವ ಗ್ಯಾರೇಜ್‌ಗೆ ಕೊಡಿ.