ಮೀಟಿಂಗ್ ಹುಡುಕುವಾಗ ಮೊದಲು ಗಡಿಯಾರ ನೋಡಿ

ಕುಡಿತ ಬಿಡುವವರ ಮೀಟಿಂಗುಗಳ ಪಟ್ಟಿ ಸಿಕ್ಕ ಕೂಡಲೇ ಬಹಳ ಜನ ನೋಡುವುದು ಮನೆಗೆ ಯಾವುದು ಹತ್ತಿರ ಎಂದು. ನಾನು ಮೊದಲು ನೋಡುವುದು ಗಂಟೆಯನ್ನು. ಕುಡಿಯುವವರಿಗೆ ದಿನದಲ್ಲಿ ಒಂದು ಹೊತ್ತು ಅಂತಿರುತ್ತದೆ. ಕೆಲಸ ಮುಗಿದ ಸಂಜೆ ಇರಬಹುದು, ರಜೆಯ ಮಧ್ಯಾಹ್ನ ಇರಬಹುದು. ಆ ಹೊತ್ತನ್ನು ತುಂಬುವ ಮೀಟಿಂಗ್ ಸ್ವಲ್ಪ ದೂರವಿದ್ದರೂ ಅದೇ ಸರಿ. ಪಕ್ಕದ ಬೀದಿಯಲ್ಲಿ ಬೆಳಿಗ್ಗೆ ಏಳಕ್ಕೆ ಕೂತು ಬಂದವರು ಸಂಜೆ ಏಳಕ್ಕೆ ಒಬ್ಬರೇ ಉಳಿದರೆ, ಬೆಳಿಗ್ಗೆ ಕೇಳಿದ ಮಾತು ಅಷ್ಟರಲ್ಲಿ ಇಳಿದುಹೋಗಿರುತ್ತದೆ.

ಅದಕ್ಕೂ ಮುಂಚೆ ಒಂದು ಎಚ್ಚರಿಕೆ. ದಿನವೂ ಹೆಚ್ಚು ಕುಡಿಯುವವರು, ಬೆಳಿಗ್ಗೆ ಎದ್ದಾಗ ಕೈ ನಡುಗುವವರು ಮೀಟಿಂಗನ್ನಷ್ಟೇ ನಂಬಿ ಒಮ್ಮೆಲೇ ನಿಲ್ಲಿಸಬಾರದು. ಮೊದಲು ಡಾಕ್ಟರನ್ನು ಕಾಣಬೇಕು. ಕೊನೆಯ ಗುಟುಕಾದ 6ರಿಂದ 24 ಗಂಟೆಯೊಳಗೆ ನಡುಕ, ಬೆವರು, ವಾಂತಿ ಶುರುವಾಗುತ್ತವೆ. ಫಿಟ್ಸ್ ಬರುವುದಿದ್ದರೆ ಹೆಚ್ಚಾಗಿ ಮೊದಲ 48 ಗಂಟೆಯಲ್ಲಿ. ಇಲ್ಲದ್ದು ಕಾಣಿಸುವ ಸನ್ನಿ ಸಾಮಾನ್ಯವಾಗಿ ಎರಡರಿಂದ ನಾಲ್ಕನೇ ದಿನದ ನಡುವೆ ಬರುತ್ತದೆ, ಅದರಿಂದ ಜೀವವೇ ಹೋಗಬಹುದು. ಹಾಗೆಯೇ, ಡಾಕ್ಟರು ಕೊಟ್ಟ ಮಾತ್ರೆಯನ್ನು ಗುಂಪಿನ ಹಿರಿಯರೊಬ್ಬರು ‘ಬಿಟ್ಟುಬಿಡು’ ಎಂದರೆ ಕಿವಿಗೆ ಹಾಕಿಕೊಳ್ಳಬೇಡಿ. ಅದು ಅವರ ಅಭಿಪ್ರಾಯ, ಗುಂಪಿನ ನಿಯಮವಲ್ಲ.

ಎಲ್ಲಕ್ಕಿಂತ ಸುಲಭವಾಗಿ ಸಿಗುವುದು ಆಲ್ಕೊಹಾಲಿಕ್ಸ್ ಅನಾನಿಮಸ್, ಅಂದರೆ ಎಎ. 1935ರಲ್ಲಿ ಅಮೆರಿಕದ ಆಕ್ರನ್‌ನಲ್ಲಿ ಶುರುವಾದದ್ದು. ಸೇರಲು ಕುಡಿತ ಬಿಡಬೇಕೆಂಬ ಆಸೆಯೊಂದಿದ್ದರೆ ಸಾಕು. ಫೀಸಿಲ್ಲ, ಅರ್ಜಿಯಿಲ್ಲ. ದೇವರ ಮಾತು ಬರುತ್ತದೆ, ಆದರೆ ನಂಬಲೇಬೇಕೆಂದು ಯಾರೂ ಕೂರಿಸಿ ಕೇಳುವುದಿಲ್ಲ. ಅದು ಒಗ್ಗುವುದೇ ಇಲ್ಲ ಎನ್ನುವವರಿಗೆ 1994ರಲ್ಲಿ ಶುರುವಾದ, ದೇವರ ಮಾತಿಲ್ಲದ ಸ್ಮಾರ್ಟ್ ರಿಕವರಿ ಎಂಬ ಗುಂಪು ಇದೆ. ಮನೆಯವರಿಗೆ ಬೇರೆಯೇ ಆದ ಅಲ್-ಅನಾನ್ ಇದೆ. ಇವೆಲ್ಲಕ್ಕೂ ಆನ್‌ಲೈನ್ ಮೀಟಿಂಗುಗಳೂ ಉಂಟು. ಹೊರಗೆ ಹೋಗಲಾಗದವರಿಗೆ ಒಳ್ಳೆಯದೇ, ಆದರೆ ಕ್ಯಾಮೆರಾ ಮುಚ್ಚಿಕೊಂಡು ಕೂತರೆ ಯಾರ ಪರಿಚಯವೂ ಆಗದು.

ಪಟ್ಟಿಯನ್ನು ಪೂರ್ತಿ ನಂಬಿ ಹೊರಡಬೇಡಿ. ಜಾಗ ಬದಲಾಗಿರುತ್ತದೆ, ಗುಂಪು ಮುಚ್ಚಿರುತ್ತದೆ, ಪಟ್ಟಿ ಮಾತ್ರ ಹಳೆಯದೇ ಇರುತ್ತದೆ. ಸಹಾಯವಾಣಿಗೆ ಫೋನ್ ಮಾಡಿ. ಎಎ ಸಹಾಯವಾಣಿಯಲ್ಲಿ ಬಹಳ ಕಡೆ ಮಾತಾಡುವವರು ಕುಡಿತ ಬಿಟ್ಟ ಸದಸ್ಯರೇ, ಮುಜುಗರ ಬೇಡ. ಕೇಳಬೇಕಾದದ್ದು ಇಷ್ಟು: ಈ ವಾರ ನಡೆಯುತ್ತದೆಯೇ? ಓಪನ್ನೋ ಕ್ಲೋಸ್ಡೋ? ಯಾವ ಭಾಷೆ? ಯಾವ ಗೇಟು, ಎಷ್ಟನೇ ಮಹಡಿ? ಬಾಗಿಲಲ್ಲಿ ಯಾರಿಗೆ ಫೋನ್ ಮಾಡಬೇಕು? ಕೊನೆಯ ಪ್ರಶ್ನೆ ಮರೆಯಬಾರದು. ಹೆಸರು ಹೊರಗೆ ಹೇಳದ ಗುಂಪಾದ್ದರಿಂದ ದೊಡ್ಡ ಬೋರ್ಡು ಇರುವುದಿಲ್ಲ, ಹೆಚ್ಚೆಂದರೆ ಬಾಗಿಲಿಗೆ ಎರಡಕ್ಷರದ ಒಂದು ಚೀಟಿ. ಕಾವಲುಗಾರನನ್ನು ಕೇಳಿದರೆ ‘ಇಲ್ಲಿ ಅಂಥದ್ದೇನೂ ನಡೆಯಲ್ಲ’ ಅನ್ನುತ್ತಾನೆ. ವಾಪಸ್ ಹೋಗಲು ನೆಪ ಹುಡುಕುತ್ತಿರುವ ಮನಸ್ಸಿಗೆ ಅಷ್ಟು ಸಾಕು.

ಓಪನ್ ಮೀಟಿಂಗಿಗೆ ಯಾರು ಬೇಕಾದರೂ, ಮನೆಯವರೂ ಬರಬಹುದು. ಕ್ಲೋಸ್ಡ್ ಕುಡಿತ ಬಿಡಬಯಸುವವರಿಗೆ ಮಾತ್ರ.

ಹದಿನೈದು ನಿಮಿಷ ಮುಂಚೆ ಹೋಗಿ. ಒಂದರಿಂದ ಒಂದೂವರೆ ಗಂಟೆ ನಡೆಯುತ್ತದೆ: ಶುರುವಿನಲ್ಲಿ ಓದು, ಆಮೇಲೆ ಶೇರಿಂಗ್ (ಒಬ್ಬೊಬ್ಬರಾಗಿ ತಮ್ಮ ಅನುಭವ ಹೇಳಿಕೊಳ್ಳುವುದು), ನಡುವೆ ಕಾಣಿಕೆಯ ಚೀಲ, ಕೊನೆಗೆ ಚಿಕ್ಕ ಪ್ರಾರ್ಥನೆ. ಚೀಲಕ್ಕೆ ಏನೂ ಹಾಕದೆ ಮುಂದೆ ಕೊಟ್ಟರೆ ಯಾರೂ ನೋಡುವುದಿಲ್ಲ. ನಿಮ್ಮ ಸರದಿ ಬಂದಾಗ ಹೆಸರು ಹೇಳಿ ‘ಇವತ್ತು ಕೇಳಿಸಿಕೊಳ್ಳುತ್ತೇನೆ’ ಎಂದರೆ ಸಾಕು. ಮಾತಾಡಿದವರಿಗೆ ಯಾರೂ ಉತ್ತರ ಕೊಡುವುದಿಲ್ಲ. ಎದೆಯೊಳಗಿನದನ್ನು ಹೇಳಿಕೊಂಡ ಹೊಸಬರಿಗೆ ಆ ಮೌನ ಅಸಡ್ಡೆಯಂತೆ ಕಾಣುತ್ತದೆ. ನಡುವೆ ಬಾಯಿ ಹಾಕಬಾರದು, ಬುದ್ಧಿ ಹೇಳಬಾರದು ಎಂಬುದು ಅಲ್ಲಿನ ಪದ್ಧತಿ. ಅದಿಲ್ಲದಿದ್ದರೆ ಅರ್ಧ ಜನ ಬಾಯಿಯೇ ಬಿಡುತ್ತಿರಲಿಲ್ಲ.

ಮೀಟಿಂಗ್ ಮುಗಿದ ತಕ್ಷಣ ಹೊರಗೆ ಓಡುವುದು ಹೊಸಬರು ಹೆಚ್ಚಾಗಿ ಮಾಡುವ ತಪ್ಪು. ಕುರ್ಚಿ ಮಡಚಿಡುವ ಆ ಹತ್ತು ನಿಮಿಷದಲ್ಲೇ ಫೋನ್ ನಂಬರ್ ಸಿಗುವುದು. ಮೂರು ನಂಬರ್ ತೆಗೆದುಕೊಳ್ಳಿ, ಯಾವ ಹೊತ್ತಿಗೆ ಮಾಡಬಹುದೆಂದೂ ಕೇಳಿ. ಮರುದಿನ ಕಾರಣವಿಲ್ಲದಿದ್ದರೂ ಒಬ್ಬರಿಗೆ ಫೋನ್ ಮಾಡಿ, ‘ನಿನ್ನೆ ಸಿಕ್ಕಿದ್ದೆ, ನಂಬರ್ ಸರಿಯಾಗಿದೆಯಾ ನೋಡಿದೆ’ ಎಂದರೂ ಆಯಿತು. ಸುಮ್ಮನಿದ್ದಾಗ ಒತ್ತದ ನಂಬರನ್ನು ಬಯಕೆ ಏರಿದಾಗ ಯಾರೂ ಒತ್ತುವುದಿಲ್ಲ.

ಸ್ಪಾನ್ಸರ್, ಅಂದರೆ ಹೊಸಬರಿಗೆ ಜೊತೆ ನಿಂತು ದಾರಿ ತೋರುವ ಹಳೆಯ ಸದಸ್ಯರು. ಅವರನ್ನು ಆರಿಸಲು ಅವಸರ ಬೇಡ. ಕೆಲವು ವಾರ ಕೇಳಿ, ಯಾರ ಮಾತೂ ನಡತೆಯೂ ಹೊಂದುತ್ತದೋ ಅವರನ್ನು ಕೇಳಿ. ಸಾಮಾನ್ಯವಾಗಿ ಗಂಡಸರಿಗೆ ಗಂಡಸರು, ಹೆಂಗಸರಿಗೆ ಹೆಂಗಸರು. ಸಾಲ ಕೇಳುವವರು, ವ್ಯಾಪಾರಕ್ಕೆ ಎಳೆಯುವವರು, ಹೊಸದಾಗಿ ಬಂದ ಹೆಂಗಸರ ಹಿಂದೆ ಬೀಳುವವರು ಎಲ್ಲ ಗುಂಪಲ್ಲೂ ಒಬ್ಬರಾದರೂ ಇರಬಹುದು. ಅಂಥದ್ದು ಕಂಡರೆ ಸೆಕ್ರೆಟರಿಗೆ ಹೇಳಿ, ಇಲ್ಲವೇ ಗುಂಪು ಬದಲಿಸಿ. ಪ್ರತಿ ಗುಂಪೂ ತನ್ನಷ್ಟಕ್ಕೆ ನಡೆಯುವುದರಿಂದ ಒಂದರ ಗಾಳಿ ಇನ್ನೊಂದಕ್ಕಿರುವುದಿಲ್ಲ. ಐದಾರು ಕಡೆ ಕೂರುವವರೆಗೆ ‘ಇದು ನನಗಲ್ಲ’ ಎಂದು ತೀರ್ಮಾನಿಸಬೇಡಿ.

ಮತ್ತೆ ಕುಡಿದುಬಿಟ್ಟರೆ ಮೀಟಿಂಗ್ ತಪ್ಪಿಸಬೇಡಿ. ಕುಡಿದ ದಿನವೂ ಗಲಾಟೆ ಮಾಡದೆ ಹಿಂದಿನ ಸಾಲಲ್ಲಿ ಕೂತರೆ ಸಾಮಾನ್ಯವಾಗಿ ಯಾರೂ ಎಬ್ಬಿಸಿ ಕಳಿಸುವುದಿಲ್ಲ, ಅವತ್ತು ಮಾತ್ರ ಶೇರ್ ಮಾಡಬೇಡಿ ಎನ್ನುತ್ತಾರೆ. ಗಾಡಿ ತಗೊಂಡು ಹೋಗಬೇಡಿ. ಆ ಮೂರು ನಂಬರಿನಲ್ಲಿ ಒಬ್ಬರನ್ನು ಕರೆದರೆ ಬಂದು ಕರೆದುಕೊಂಡು ಹೋಗುತ್ತಾರೆ.