ನಿಮ್ಮ ಬಡಾವಣೆಯ ಚರಿತ್ರೆ ಬರೆಯುವುದು ಹೇಗೆ? ‘ಆಗ ಏನಿರಲಿಲ್ಲ’ ಎಂದು ಕೇಳಿ

ಊರಂಚಿನ ಬಡಾವಣೆಗೆ ಚರಿತ್ರೆ ಎಲ್ಲಿಂದ ಬರಬೇಕು ಎಂದು ಬಹಳ ಜನ ಕೇಳುತ್ತಾರೆ. ಕೋಟೆ ಇಲ್ಲ, ಶಾಸನ ಇಲ್ಲ. ಸಾಲು ಮನೆ, ಒಂದು ಪಾರ್ಕು, ಬಸ್ ಸ್ಟಾಪು, ಅಷ್ಟೇ ಅಲ್ವಾ ಎನ್ನುತ್ತಾರೆ. ನಾನು ಒಪ್ಪುವುದಿಲ್ಲ. ನಕ್ಷೆ ಬಿಡಿಸುವ ಕೆಲಸದಲ್ಲೇ ಕೂದಲು ನರೆತವಳು ನಾನು. ನಿವೃತ್ತಿಯಾದ ಮೇಲೆ ನಾನಿರುವ ಬಡಾವಣೆಯ ಕಥೆಯನ್ನು ಮನೆಮನೆಗೆ ಹೋಗಿ ಕೂಡಿಸಿದೆ. ಖಾಲಿ ನೆಲದಲ್ಲಿ ಗೂಟ ಹೊಡೆದ ದಿನದಿಂದ ಅಲ್ಲಿನವರು ‘ನಮ್ಮ ಬಡಾವಣೆ’ ಎನ್ನುವ ತನಕ ಏನೇನು ನಡೆಯಿತು ಎಂಬುದನ್ನು ಬರೆದಿಡಲೇಬೇಕು. ಅದೂ ಬೇಗ. ಮೊದಲು ಬಂದವರಿಗೆ ವಯಸ್ಸಾಗುತ್ತಿರುತ್ತದೆ.

ಮೊದಲು ನೆಲ ನೋಡಿ. ಈಗಿನ ನಕ್ಷೆಯೊಂದನ್ನು ದೊಡ್ಡದಾಗಿ ಪ್ರಿಂಟ್ ಹಾಕಿಸಿ, ಪೆನ್ಸಿಲ್ ಹಿಡಿದು ಕೂರಿ. ಅಡ್ಡಗೆರೆ ಉದ್ದಗೆರೆ ಎಳೆದ ಹಾಗಿರುವ ಬೀದಿಗಳ ನಡುವೆ ಒಂದು ರಸ್ತೆ ಮಾತ್ರ ಓರೆಯಾಗಿ ಹಾದುಹೋಗಿದ್ದರೆ, ಅದರ ಸುತ್ತ ಗುರುತು ಹಾಕಿ. ಅದು ಬಡಾವಣೆಗಿಂತ ಹಳೆಯದಾಗಿರುವ ಸಾಧ್ಯತೆ ಜಾಸ್ತಿ. ಎರಡು ಹಳ್ಳಿಗಳ ನಡುವಿನ ದಾರಿಯೋ, ಮುಚ್ಚಿಹೋದ ಹಳ್ಳವೋ ಇರಬಹುದು. ಆದರೆ ಬಾಗಿದ ರಸ್ತೆ ಕಂಡ ಕೂಡಲೇ ತೀರ್ಮಾನ ಮಾಡಬೇಡಿ. ಶಿಕಾಗೋ ಹತ್ತಿರದ ರಿವರ್‌ಸೈಡ್ ಬಡಾವಣೆಗೆ 1869ರಲ್ಲಿ ಫ್ರೆಡ್ರಿಕ್ ಲಾ ಓಲ್ಮ್‌ಸ್ಟೆಡ್ ಮತ್ತು ಕ್ಯಾಲ್ವರ್ಟ್ ವಾಕ್ಸ್ ಬೇಕೆಂದೇ ಬಾಗಿದ ಬೀದಿಗಳನ್ನು ಬಿಡಿಸಿದ್ದರು. ಹಳೆಯ ನಕ್ಷೆ ಪಕ್ಕದಲ್ಲಿಟ್ಟು ನೋಡಿದರೆ ಮಾತ್ರ ನಿಜ ತಿಳಿಯುತ್ತದೆ.

ಹಳೆಯ ನಕ್ಷೆ ಸಿಗದಿದ್ದರೆ ಆಕಾಶದಿಂದ ತೆಗೆದ ಚಿತ್ರ ಸಿಗಬಹುದು. 1960ರಿಂದ 1972ರವರೆಗೆ ಅಮೆರಿಕದ ‘ಕರೋನಾ’ ಗೂಢಚಾರ ಉಪಗ್ರಹಗಳು ಭೂಮಿಯ ಬಹಳಷ್ಟು ಭಾಗವನ್ನು ಫಿಲಂನಲ್ಲಿ ಸೆರೆಹಿಡಿದವು. ಆ ಚಿತ್ರಗಳನ್ನು 1995ರಲ್ಲಿ ಎಲ್ಲರಿಗೂ ಬಿಟ್ಟುಕೊಟ್ಟರು. ಅಮೆರಿಕದ ಭೂವಿಜ್ಞಾನ ಸಂಸ್ಥೆಯ ‘ಅರ್ತ್ ಎಕ್ಸ್‌ಪ್ಲೋರರ್’ ತಾಣದಲ್ಲಿ ನಿಮ್ಮ ಜಾಗವನ್ನು ಹುಡುಕಬಹುದು. ನಂತರದ ವರ್ಷಗಳಿಗೆ ಅಮೆರಿಕದ ಇನ್ನೊಂದು ಉಪಗ್ರಹ ಸರಣಿಯಾದ ಲ್ಯಾಂಡ್‌ಸ್ಯಾಟ್ ಇದೆ. ಅದು 1972ರಲ್ಲಿ ಶುರುವಾಯಿತು, 2008ರಿಂದ ಉಚಿತ. ಅದರಲ್ಲಿ ಒಂದು ಮನೆ ಕಾಣುವುದಿಲ್ಲ. ಆದರೆ ಹೊಲ ಯಾವ ವರ್ಷ ಬಡಾವಣೆಯಾಯಿತು ಎಂಬುದು ಕಾಣುತ್ತದೆ. ಇಸವಿಯ ಜಗಳ ಬಂದಾಗ ಇದಕ್ಕಿಂತ ಒಳ್ಳೆಯ ಸಾಕ್ಷಿ ಇಲ್ಲ.

ಆಮೇಲೆ ಕೇಳಬೇಕಾದದ್ದು: ಇಲ್ಲಿಗೇ ಯಾಕೆ, ಆಗಲೇ ಯಾಕೆ? ಜನ ಸುಮ್ನೆ ಊರಾಚೆ ಹೋಗುವುದಿಲ್ಲ. ಹಿಂದೆ ಏನೋ ಒಂದು ಒತ್ತಾಯ ಇರುತ್ತದೆ. ಬೆಂಗಳೂರಿನ ಬಸವನಗುಡಿ, ಮಲ್ಲೇಶ್ವರಗಳು ಬೆಳೆದದ್ದು 1898ರ ಪ್ಲೇಗಿನ ನಂತರ, ಪೇಟೆಯ ಇಕ್ಕಟ್ಟಿನಿಂದ ಜನರನ್ನು ಹೊರತರಲು. ಅಲ್ಲಿ ಮನೆಗಳ ಹಿಂದೆ ಕಸ, ಮಲ ಸಾಗಿಸಲು ಬಿಟ್ಟ ಸಣ್ಣ ಓಣಿಗಳಲ್ಲಿ ಆ ಕಾಲದ ಯೋಚನೆ ಈಗಲೂ ಕಾಣುತ್ತದೆ. ಲಂಡನ್ನಿನ ಮೆಟ್ರೊಪಾಲಿಟನ್ ರೈಲ್ವೆ ತನ್ನ ಹಳಿಯ ಅಕ್ಕಪಕ್ಕದ ಸೀಮೆಯನ್ನು 1915ರಿಂದ ‘ಮೆಟ್ರೊ-ಲ್ಯಾಂಡ್’ ಎಂದು ಜಾಹೀರಾತು ಮಾಡಿತು. ಮನೆ ಕೊಂಡವರು ದಿನಾ ರೈಲು ಹತ್ತಬೇಕಲ್ಲ! ನ್ಯೂಯಾರ್ಕ್ ಬಳಿಯ ಲೆವಿಟೌನ್ 1947ರಲ್ಲಿ ಶುರುವಾದದ್ದು ಯುದ್ಧ ಮುಗಿಸಿ ಬಂದ ಸೈನಿಕರಿಗೆ ಮನೆ ಇರಲಿಲ್ಲ ಎಂದು. 1951ರ ಹೊತ್ತಿಗೆ ಅಲ್ಲಿ 17,000ಕ್ಕೂ ಹೆಚ್ಚು ಮನೆ ಎದ್ದಿದ್ದವು.

ಲೆವಿಟೌನಿನ ಇನ್ನೊಂದು ವಿಷಯ ಹೇಳಲೇಬೇಕು. ಅಲ್ಲಿನ ಮೊದಮೊದಲ ಬಾಡಿಗೆ ಕರಾರಿನಲ್ಲೇ ಬಿಳಿಯರಲ್ಲದವರು ವಾಸ ಮಾಡಬಾರದು ಎಂಬ ಷರತ್ತಿತ್ತು. ಇಂಥ ಷರತ್ತುಗಳನ್ನು ಕೋರ್ಟುಗಳು ಜಾರಿ ಮಾಡುವಂತಿಲ್ಲ ಎಂದು ಅಮೆರಿಕದ ಸುಪ್ರೀಂ ಕೋರ್ಟ್ ಹೇಳಿದ್ದು 1948ರಲ್ಲಿ. ಆದ್ದರಿಂದ ಹಳೆಯ ಕ್ರಯಪತ್ರ, ಕರಾರು ಸಿಕ್ಕಿದರೆ ಸಣ್ಣ ಅಕ್ಷರವನ್ನೂ ಓದಿ. ಯಾರು ಬಂದರು ಎನ್ನುವಷ್ಟೇ ಮುಖ್ಯ, ಯಾರನ್ನು ಬರಗೊಡಲಿಲ್ಲ ಎನ್ನುವುದು. ಕಾಗದದಲ್ಲಿ ಇಲ್ಲದ ಷರತ್ತುಗಳೂ ಇರುತ್ತವೆ. ಮನೆ ಬಾಡಿಗೆಗೆ ಸಿಗದೆ ವಾಪಸ್ ಹೋದವರು ಅದನ್ನು ಹೇಳಬಲ್ಲರು.

ಈಗ ಜನರ ಹತ್ತಿರ ಹೋಗೋಣ. ನನ್ನ ಮಟ್ಟಿಗೆ ಎಲ್ಲಕ್ಕಿಂತ ದೊಡ್ಡ ಕೆಲಸ ಇದೇ.

ಇಸವಿ ಕೇಳಬೇಡಿ. ಕೇಳಿದರೆ ಹೇಳುತ್ತಾರೆ, ಆದರೆ ಅಂದಾಜಿನಲ್ಲಿ. ‘ಆಗ ನಿಮ್ಮ ಮಗಳು ಯಾವ ಕ್ಲಾಸು?’ ಎಂದು ಕೇಳಿ. ಅದು ತಪ್ಪುವುದು ಕಡಿಮೆ. ‘ಬಡಾವಣೆ ಹೇಗಿತ್ತು?’ ಎಂದೂ ಕೇಳಬೇಡಿ. ‘ಚೆನ್ನಾಗಿತ್ತು’ ಎಂಬ ಒಂದೇ ಉತ್ತರ ಬರುತ್ತದೆ. ‘ನೀವು ಬಂದಾಗ ಏನಿರಲಿಲ್ಲ?’ ಎಂದು ಕೇಳಿ. ನೀರಿರಲಿಲ್ಲ, ದೀಪ ಇರಲಿಲ್ಲ, ಬಸ್ಸಿರಲಿಲ್ಲ ಎಂದು ಶುರುವಾದ ಮಾತು, ನೀರಿಗೆ ಯಾರ ಜೊತೆ ಹೋದೆವು, ಅರ್ಜಿ ಯಾರು ಬರೆದರು, ಯಾರು ಸಹಿ ಹಾಕಲಿಲ್ಲ ಎನ್ನುವಲ್ಲಿಗೆ ತಾನಾಗಿ ಬರುತ್ತದೆ. ನಮ್ಮಲ್ಲಿ ಬೀದಿದೀಪ ಇಲ್ಲದ ಕಾಲದಲ್ಲಿ ಕೊನೆಯ ಬಸ್ಸಿನವರು ಒಬ್ಬರಿಗೊಬ್ಬರು ಕಾದು, ಗುಂಪಾಗಿ ನಡೆದು ಬರುತ್ತಿದ್ದರಂತೆ. ಮುಂದೆ ನಿವಾಸಿಗಳ ಸಂಘ ಕಟ್ಟಿದವರು ಅವರೇ. ಸಂಘದ ದಾಖಲೆಯಲ್ಲಿ ಇದರ ಸುಳಿವೇ ಇಲ್ಲ. ಅಕ್ಕಪಕ್ಕದವರು ಒಂದಾಗುವುದು ಒಂದು ಕೊರತೆಯ ಸುತ್ತ ಎಂದು ನಾನು ಗಟ್ಟಿಯಾಗಿ ನಂಬಿದ್ದೇನೆ. ಚರಿತ್ರೆಯನ್ನು ಆ ಕೊರತೆಯಿಂದಲೇ ಶುರುಮಾಡಿ.

ಹಿರಿಯರಿಗೆ ನಡೆಯಲು ಆಗುವುದಾದರೆ ಬೀದಿಯಲ್ಲಿ ಅವರ ಜೊತೆ ನಡೆಯುತ್ತಾ ಮಾತಾಡಿ. ತಿರುವು ಬಂದಾಗ ನೆನಪೂ ಬರುತ್ತದೆ. ಇಬ್ಬರು ಹಳೆಯ ನೆರೆಯವರನ್ನು ಒಟ್ಟಿಗೆ ಕೂರಿಸಿದರೆ ಒಬ್ಬರ ಮಾತನ್ನು ಇನ್ನೊಬ್ಬರು ತಿದ್ದುತ್ತಾರೆ. ಜಗಳದ ವಿಷಯಕ್ಕೆ ಮಾತ್ರ ಒಬ್ಬೊಬ್ಬರನ್ನೇ ಕೇಳಿ. ಗಂಡಸರು ಹೆಚ್ಚಾಗಿ ಸಂಘದ ಕಥೆ ಹೇಳುತ್ತಾರೆ, ಹೆಂಗಸರು ಬೀದಿಯ ಕಥೆ. ಯಾರ ಮನೆಯ ಮಗು ಯಾರ ಮನೆಯಲ್ಲಿ ಬೆಳೆಯಿತು ಎಂಬುದು ಹೆಂಗಸರಿಗೇ ಗೊತ್ತು. ಮನೆಯ ಯಜಮಾನರು ಉತ್ತರಿಸಿದರು ಎಂದು ಎದ್ದು ಬರಬೇಡಿ, ಅಮ್ಮನವರನ್ನೂ ಕೇಳಿ.

ಹೋದವರನ್ನೂ ಹುಡುಕಿ. ನೆಲ ಮಾರಿದ ರೈತ ಕುಟುಂಬ, ಗೋಡೆ ಕಟ್ಟಿದ ಗಾರೆ ಕೆಲಸದವರು, ಬಾಡಿಗೆಗಿದ್ದು ಹೋದವರು. ಇವರಿಲ್ಲದಿದ್ದರೆ ಅದು ಮನೆ ಮಾಲೀಕರ ಚರಿತ್ರೆ ಆಗುತ್ತದೆ, ಬಡಾವಣೆಯದ್ದಲ್ಲ.

ರೆಕಾರ್ಡ್ ಮಾಡುವ ಮುನ್ನ ಒಪ್ಪಿಗೆ ಕೇಳಿ. ಫೋನನ್ನು ಏರ್‌ಪ್ಲೇನ್ ಮೋಡಿಗೆ ಹಾಕಿ, ಫ್ಯಾನ್ ನಿಲ್ಲಿಸಿ, ಶುರುವಿನಲ್ಲೇ ಹೆಸರು, ತಾರೀಖು ಹೇಳಿ. ಅವತ್ತೇ ಇನ್ನೊಂದು ಕಡೆ ಪ್ರತಿ ಇಡಿ. ಹಳೆಯ ಫೋಟೊಗಳನ್ನು ಮನೆಗೆ ತರಬೇಡಿ. ಅಲ್ಲೇ ಕಿಟಕಿಯ ಬೆಳಕಲ್ಲಿ, ಫ್ಲ್ಯಾಶ್ ಇಲ್ಲದೆ ತೆಗೆದುಕೊಳ್ಳಿ. ಹಿಂಬದಿಯನ್ನೂ ತೆಗೆಯಿರಿ, ಬರಹ ಇರುವುದು ಅಲ್ಲೇ. ಎಡದಿಂದ ಬಲಕ್ಕೆ ಯಾರ್ಯಾರು ನಿಂತಿದ್ದಾರೆ ಎಂದು ಆಗಲೇ ಬರೆದುಕೊಳ್ಳಿ.

ಸಂಘದ ನಡಾವಳಿ ಪುಸ್ತಕ ಸಿಕ್ಕಿದರೆ ನಿರ್ಣಯಗಳಿಗಿಂತ ದೂರುಗಳನ್ನು ಓದಿ. ಒಂದೇ ದೂರು ವರ್ಷಗಟ್ಟಲೆ ಬಂದು, ಇದ್ದಕ್ಕಿದ್ದ ಹಾಗೆ ನಿಂತರೆ ಅಲ್ಲಿ ಗುರುತು ಹಾಕಿ. ಕೆಲಸ ಆಯಿತೇ, ಇಲ್ಲಾ ಕೇಳುವವರಿಗೇ ಸಾಕಾಯಿತೇ? ಅದನ್ನು ಆ ಪುಟದಲ್ಲಿ ಸಹಿ ಹಾಕಿದವರಿಗೇ ಹೋಗಿ ಕೇಳಿ.

ಜನ ಎಲ್ಲಿ ಸೇರುತ್ತಿದ್ದರು ಎಂದು ಕೂಡ ನಕ್ಷೆಯಲ್ಲಿ ಗುರುತಿಸಿ. 1929ರಲ್ಲಿ ಕ್ಲಾರೆನ್ಸ್ ಪೆರ್ರಿ ಎಂಬ ಅಮೆರಿಕದವರು, ಬಡಾವಣೆಯ ನಡುವೆ ಶಾಲೆ ಇರಬೇಕು, ದೊಡ್ಡ ರಸ್ತೆಗಳು ಅಂಚಿನಲ್ಲಿರಬೇಕು, ಮಕ್ಕಳು ನಡೆದೇ ಹೋಗುವಂತಿರಬೇಕು ಎಂದು ಲೆಕ್ಕ ಹಾಕಿ ತೋರಿಸಿದ್ದರು. ಆ ಯೋಚನೆ ಬಹಳ ದೇಶಗಳಿಗೆ ಹೋಯಿತು. ನಿಮ್ಮಲ್ಲಿ ಹಾಗೆ ನಡೆಯಿತೇ ನೋಡಿ. ನಮ್ಮಲ್ಲಿ ಸಮುದಾಯ ಭವನಕ್ಕೆ ಬಿಟ್ಟ ಜಾಗದಲ್ಲಿ ಯಾರೂ ಸೇರಲಿಲ್ಲ. ಸೇರಿದ್ದು ಬಸ್ ಸ್ಟಾಪಿನ ಮರದ ಕೆಳಗೆ.

ಜಗಳಗಳನ್ನು ಬಿಡಬೇಡಿ, ಹೆಸರುಗಳನ್ನು ಬಿಡಿ. ಅಚ್ಚಿಗೆ ಕೊಡುವ ಮೊದಲು ಹೇಳಿದವರಿಗೆ ಅವರ ಭಾಗ ಓದಿ ಹೇಳಿ. ಬೇಡ ಎಂದರೆ ತೆಗೆಯಿರಿ. ಪುಸ್ತಕದ ಕೊನೆಗೆ ಕೆಲವು ಖಾಲಿ ಹಾಳೆ ಇರಲಿ. ಶಾಲೆಗೊಂದು, ಲೈಬ್ರರಿಗೊಂದು ಪ್ರತಿ ಕೊಡುವಾಗ, ತಪ್ಪು ಕಂಡರೆ ಆ ಹಾಳೆಗಳಲ್ಲೇ ಪೆನ್ಸಿಲಿನಲ್ಲಿ ಬರೆಯಿರಿ ಎಂದು ಹೇಳಿ ಕೊಡಿ.