ಚೆಕ್ ಇಲ್ಲ, ಪ್ರೋನೋಟ್ ಇಲ್ಲ: ಕೈಸಾಲ ವಸೂಲಿ ಮಾಡಿದ ನನ್ನ ಅನುಭವ

ಸ್ನೇಹಿತನಿಗೆ ಕೊಟ್ಟದ್ದು 85,000 ರೂಪಾಯಿ ಕೈಸಾಲ. ಬ್ಯಾಂಕಿನಲ್ಲಿ ಎರಡು ಎಂಟ್ರಿ, ಒಂದಷ್ಟು ವಾಟ್ಸಾಪ್ ಮಾತು, ನನ್ನ ಕೈಲಿದ್ದ ದಾಖಲೆ ಇಷ್ಟೇ. ಕೇಳಿದ ವಕೀಲರೆಲ್ಲ ಹಾಡಿದ್ದು ಒಂದೇ ರಾಗ: "ಸುಮ್ನೆ ಬಿಟ್ಬಿಡಿ, ಖರ್ಚೇ ಜಾಸ್ತಿ ಆಗತ್ತೆ." ಈಗ ಅಸಲು ಪೂರ್ತಿ ಬಂದಿದೆ, ಬಡ್ಡಿಯೂ ಒಂದಿಷ್ಟು. ಕೇಸು ನಡೆಸಿದ್ದು ನಾನೇ. ಬರೆಯುವಾಗ ಸ್ವಲ್ಪ ಜಂಬ ಇಣುಕಿದರೆ ಸಹಿಸಿಕೊಳ್ಳಿ.

ಮೊದಲು ಕೈಕೊಟ್ಟ ದಾರಿಗಳು. ಸ್ಟೇಷನ್ನಿನಲ್ಲಿ "ಇದು ಸಿವಿಲ್ ವಿಷಯ" ಅಂದು ಕಳಿಸಿದರು. ಇಬ್ಬರಿಗೂ ಬೇಕಾದವರನ್ನು ಕೂರಿಸಿ ಮಾತಾಡಿಸಿದೆ. ಅವನು ಎಲ್ಲರ ಕಾಫಿ ಬಿಲ್ ಕೊಟ್ಟು ಎದ್ದು ಹೋದ! ವಕೀಲರ ನೋಟಿಸಿಗೆ 2,000ದ ಹತ್ತಿರ ಹೋಯಿತು. "ಬಾಗಿಲು ಹಾಕಿದೆ" ಎಂಬ ಷರಾ ಹೊತ್ತು ಲಕೋಟೆ ವಾಪಸ್ ಬಂತು. ಅದನ್ನು ಒಡೆಯದೆ ಹಾಗೇ ಇಟ್ಟೆ, ಮುಂದೆ ಕೆಲಸಕ್ಕೆ ಬಂತು.

ಲೋಕ ಅದಾಲತ್ತಿಗೂ ಹೋಗಿದ್ದೆ. ದಾವೆ ಹೂಡುವ ಮೊದಲೇ ಕಾನೂನು ಸೇವಾ ಪ್ರಾಧಿಕಾರಕ್ಕೆ ಅರ್ಜಿ ಕೊಡಬಹುದು, ಕೋರ್ಟ್ ಫೀ ಇಲ್ಲ. ಅಲ್ಲಿ ರಾಜಿಯಾದರೆ ಅದೇ ಡಿಕ್ರಿ (ಅಂದರೆ ಸಿವಿಲ್ ಕೋರ್ಟಿನ ತೀರ್ಪಿನ ಆದೇಶ ಇದ್ದಂತೆ), ಮೇಲ್ಮನವಿ ಇಲ್ಲ. ಆದರೆ ಅವನು ಅರ್ಧ ದುಡ್ಡು ಮಾತ್ರ ಕೊಡ್ತೀನಿ ಅಂತ ಪಟ್ಟು ಹಿಡಿದ, ನಾನು ಒಪ್ಪಲಿಲ್ಲ. ಒಲ್ಲೆ ಅನ್ನುವವರನ್ನು ಒಪ್ಪಿಸುವ ಅಧಿಕಾರ ಅದಾಲತ್ತಿಗಿಲ್ಲ.

ಅಷ್ಟರಲ್ಲಿ ದಾವೆ ಹೂಡಲು ಇರುವ ಮೂರು ವರ್ಷದ ಕಾಲಮಿತಿ ಮುಗಿಯುತ್ತ ಬಂದಿತ್ತು. "ಕೊಡ್ತೀನಿ" ಎಂಬ ಮೆಸೇಜ್ ಇದೆ, ವಾಯಿದೆ ಮುಂದಕ್ಕೆ ಹೋಗುತ್ತದೆ ಅಂತ ನಂಬಿ ಕೂರಬೇಡಿ. ಸಹಿ ಇರುವ ಬರಹ ಎಲ್ಲಿ ಅಂತ ಎದುರಿನವರು ಕೇಳಿಯೇ ಕೇಳುತ್ತಾರೆ. ಹಾಗಾಗಿ ಬೆಂಗಳೂರಿನ ಲಘು ವ್ಯವಹಾರಗಳ ನ್ಯಾಯಾಲಯದಲ್ಲಿ (ಸಣ್ಣ ಮೊತ್ತದ ದಾವೆಗಳ ಕೋರ್ಟು) ದಾವೆ ಹಾಕಿದೆ. ಮೋಟಾರು ಅಪಘಾತದ ಕೇಸುಗಳೇ ತುಂಬಿರುವ ಜಾಗ ಅದು. ಕೋರ್ಟ್ ಫೀ ಐದೂವರೆ ಸಾವಿರದ ಆಸುಪಾಸು. ಇಷ್ಟು ದಿನ ಬಂದವರೆಲ್ಲ ವಕೀಲರೇ ಅನ್ನುವಂತೆ ಗುಮಾಸ್ತರು ನನ್ನನ್ನು ಮೇಲಿಂದ ಕೆಳಗೆ ನೋಡಿದರು.

ಅವನ ವಾದ ಏನು ಗೊತ್ತಾ? "ಅದು ಸಾಲ ಅಲ್ಲ, ಇವರೇ ನನಗೆ ಕೊಡಬೇಕಿದ್ದ ಹಳೇ ಬಾಕಿ." ಬ್ಯಾಂಕ್ ಎಂಟ್ರಿ ದುಡ್ಡು ಹೋಗಿದ್ದನ್ನು ತೋರಿಸುತ್ತದೆ, ಯಾಕೆ ಹೋಯಿತು ಅಂತ ತೋರಿಸುವುದಿಲ್ಲ ಅಲ್ವಾ? ಇಲ್ಲಿ ನನ್ನ ಒಂದು ಪ್ರಯೋಗ ಉಳಿಸಿತು. "ದುಡ್ಡು ಯಾವಾಗ?" ಅಂತ ಕೇಳಿದರೆ ಅವನು ಬರೀ ಕೈ ಮುಗಿಯುವ ಚಿತ್ರ ಕಳಿಸುತ್ತಿದ್ದ. ಆಮೇಲೆ ಮೊತ್ತ, ತಿಂಗಳು ಎಲ್ಲ ಸೇರಿಸಿ, ಜಗಳದ ಧ್ವನಿ ಇಲ್ಲದೆ ಬರೆಯಲು ಶುರು ಮಾಡಿದೆ: "ಜೂನ್‌ನಲ್ಲಿ ತಗೊಂಡ 85,000ದಲ್ಲಿ ಈ ತಿಂಗಳು ಎಷ್ಟು ಕೊಡಬಹುದು?" ಉತ್ತರ ಬಂತು: "ಸಂಬಳ ಆಗಲಿ, 10 ಹಾಕ್ತೀನಿ." ಅವನ ಹಳೇ ಬಾಕಿಯ ಕತೆ ಅಲ್ಲಿಗೆ ಮುಗಿಯಿತು. ಇದೇ ರೀತಿಯ ಇನ್ನೊಂದು ಪ್ರಶ್ನೆ ಇದೆ, ಅದನ್ನು ನನ್ನ ಹತ್ತಿರವೇ ಇಟ್ಟುಕೊಳ್ಳುತ್ತೇನೆ.

ಬರೀ ಸ್ಕ್ರೀನ್‌ಶಾಟ್ ಪ್ರಿಂಟ್ ತಂದರೆ ಆಕ್ಷೇಪಣೆ ಖಾತ್ರಿ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ ಕಲಂ 63ರ ಪ್ರಮಾಣಪತ್ರ ಬೇಕು. ಎ ಭಾಗ ನಮ್ಮದು, ಬಿ ಭಾಗ ತಜ್ಞರದು, ಹ್ಯಾಶ್ ಮೌಲ್ಯವನ್ನೂ (ಫೈಲು ಬದಲಾಗಿಲ್ಲ ಅಂತ ತೋರಿಸುವ, ಬೆರಳಚ್ಚಿನಂಥ ಸಂಕೇತ) ನಮೂದಿಸಬೇಕು. ನನಗೆ ಜಾಸ್ತಿ ಖರ್ಚಾಗಿದ್ದು ಕೋರ್ಟ್ ಫೀ ಬಿಟ್ಟರೆ ಇದಕ್ಕೇ, 3,000 ಚಿಲ್ಲರೆ. ದಾವೆ ಪತ್ರ ಯಾರು ಬರೆದುಕೊಟ್ಟರು ಅಂತ ಎದುರು ವಕೀಲರು ಕೇಳಿದ್ದನ್ನು ಮಾತ್ರ ಇನ್ನೂ ಮರೆತಿಲ್ಲ.

ವರ್ಷದ ಮೇಲೆ ಸ್ವಲ್ಪ ಹಿಡಿದು ಡಿಕ್ರಿ ಆಯಿತು. ಬಡ್ಡಿ ಶೇ 12 ಕೇಳಿದ್ದೆ, 6 ಕೊಟ್ಟರು. ಸಿಹಿ ಹಂಚುವುದಕ್ಕೆ ಇದು ಸಮಯವಲ್ಲ. ಡಿಕ್ರಿ ಕೈಗೆ ಬಂದು ತಿಂಗಳುಗಳಾದರೂ ಅವನು ಫೋನ್ ಎತ್ತಲಿಲ್ಲ. ಅವನ ಹೆಸರಲ್ಲಿ ಒಂದು ಸೈಟಿತ್ತು, ಆದರೆ ಲಘು ವ್ಯವಹಾರಗಳ ಕೋರ್ಟು ಸ್ಥಿರಾಸ್ತಿಗೆ ಕೈ ಹಾಕುವುದಿಲ್ಲ, ಡಿಕ್ರಿಯನ್ನು ಬೇರೆ ಕೋರ್ಟಿಗೆ ವರ್ಗಾಯಿಸಬೇಕು. ಆ ಸುತ್ತು ನನಗೆ ಬೇಡವಾಗಿತ್ತು.

ಅಮಲ್ಜಾರಿ ಅರ್ಜಿಯಲ್ಲಿ, ಅಂದರೆ ಡಿಕ್ರಿಯನ್ನು ಜಾರಿ ಮಾಡಿಸಿ ಅಂತ ಕೋರ್ಟಿಗೆ ಕೊಡುವ ಅರ್ಜಿಯಲ್ಲಿ, ಸಿವಿಲ್ ಪ್ರಕ್ರಿಯಾ ಸಂಹಿತೆಯ 21ನೇ ಆದೇಶ, ನಿಯಮ 48ಎ ಹಿಡಿದು ಸಂಬಳ ಜಪ್ತಿ ಕೇಳಿದೆ. ಕಲಂ 60ರ ಪ್ರಕಾರ ಸಂಬಳದ ಮೊದಲ 1,000 ರೂಪಾಯಿ, ಉಳಿದದ್ದರಲ್ಲಿ ಮೂರನೇ ಎರಡು ಭಾಗ ಮುಟ್ಟುವಂತಿಲ್ಲ. 40,000 ಸಂಬಳ ಅಂದರೆ ತಿಂಗಳಿಗೆ 13,000 ಸಿಗುತ್ತದೆ. ಆದೇಶ ತಲುಪಿದ ಮೇಲೂ ಕಂಪನಿ ಪೂರ್ತಿ ಸಂಬಳ ಕೊಟ್ಟರೆ ಆ ಮೊತ್ತಕ್ಕೆ ಕಂಪನಿಯೇ ಹೊಣೆ. ಹಾಗಾಗಿ ಅಕೌಂಟ್ಸ್‌ನವರು ತಡ ಮಾಡಲಿಲ್ಲ. ಅವನು ಎಲ್ಲಿ ಕೆಲಸ ಮಾಡುತ್ತಿದ್ದಾನೆ ಅಂತ ಹೇಗೆ ಪತ್ತೆ ಮಾಡಿದೆ? ಕಾನೂನಿನ ಒಳಗೇ ಮಾಡಿದೆ, ಅಷ್ಟು ಸಾಕು.

ಒಂದು ಕಂತು ಕಡಿತವಾಗುತ್ತಿದ್ದಂತೆ ಉಳಿದದ್ದನ್ನು ಒಟ್ಟಿಗೆ ಕಟ್ಟಿದ. ಆಫೀಸಿನಲ್ಲಿ ಸುದ್ದಿಯಾಗಿದ್ದೇ ಅವನಿಗೆ ಜಾಸ್ತಿ ತಟ್ಟಿರಬೇಕು. ನನ್ನ ಒಟ್ಟು ಖರ್ಚು ರಜೆ ಬಿಟ್ಟು 13–14 ಸಾವಿರ, ಅದರಲ್ಲಿ ಕೋರ್ಟ್ ಫೀ ಡಿಕ್ರಿಯ ಹಣದ ಜೊತೆ ಅವನಿಂದಲೇ ವಾಪಸ್ ಬಂತು. ಪೂರ್ತಿ ಸಂದಾಯವಾಗಿದೆ ಎಂಬ ಮೆಮೊಗೆ ಸಹಿ ಹಾಕಿದ್ದು ಹಣ ಖಾತೆಗೆ ಬಿದ್ದ ಮೇಲೆ. "ಮೊದಲು ಸಹಿ, ಆಮೇಲೆ ದುಡ್ಡು" ಅಂತ ಅವನು ಆಗಲೂ ಕೇಳಿದ್ದ.